ಆಸ್ಪತ್ರೇಲಿ ರೋಗಿಗೆ ಆಗುವ ತೊಂದ್ರೆ ಲೆಕ್ಕ ಹಾಕುದು ಹೇಗೆ (ನಮ್ಮ ಕಾಸರಗೋಡಿನ ಸಣ್ಣ ಆಸ್ಪತ್ರೆಯವ್ರಿಗೆ)

ಇನ್ಸಿಡೆಂಟ್ ಬುಕ್ (ತಪ್ಪು, ಅವಘಡ ಆದ್ರೆ ಸ್ಟಾಫ್ ಬರ್ದಿಡುವ ಪುಸ್ತಕ) ಖಾಲಿ ಉಂಟು ಅಂತ ಸಮಾಧಾನ ಮಾಡ್ಕೊಳ್ಬೇಡಿ, ಹೆದ್ರಿಯೋ ಪುರ್ಸೊತ್ತಿಲ್ದೆಯೋ ಯಾರೂ ಬರೀಲಿಲ್ಲ ಅಂತ್ಲೇ ತಿಳ್ಕೊಳ್ಳಿ. ಅಮೆರಿಕದಲ್ಲಿ 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಸ್ಟಾಫ್ ತಾವಾಗಿ ಬರ್ದು ಕೊಟ್ಟದ್ದಕ್ಕಿಂತ ರೋಗಿಗಳ ಫೈಲ್ ಓದಿ ಹುಡುಕಿದಾಗ ಕನಿಷ್ಠ 10 ಪಟ್ಟು ಜಾಸ್ತಿ ತೊಂದ್ರೆ ಸಿಕ್ಕಿತ್ತು. ಹಾಗಾಗಿ ಫೈಲೇ ಓದ್ಬೇಕು.

ಡಿಸ್ಚಾರ್ಜ್ ಆಗಿ 30 ದಿನ ಕಳ್ದ ಫೈಲುಗಳಿಂದ ತಿಂಗಳಿಗೆ 20 ಚೀಟಿ ಎತ್ತಿ ತೆಗೀರಿ, ಆರಿಸ್ಬೇಡಿ. ಇಬ್ರು ಸಿಸ್ಟರ್ಸ್ ಬೇರೆ ಬೇರೆ ಕೂತು ಓದ್ಲಿ, ಒಂದಕ್ಕೆ 20 ನಿಮಿಷ ಸಾಕು, ಯಾಕಂದ್ರೆ ಇಡೀ ಓದ್ಲಿಕ್ಕಿಲ್ಲ, ಸುಳಿವು ಹುಡುಕುದು: ಶುಗರ್ 50ಕ್ಕಿಂತ ಕೆಳಗೆ ಹೋದದ್ದು, ಐಎನ್‌ಆರ್ (ರಕ್ತ ಹೆಪ್ಪುಗಟ್ಲಿಕ್ಕೆ ಎಷ್ಟು ತಡ ಆಗ್ತದೆ ಅಂತ ತೋರಿಸುವ ಟೆಸ್ಟ್) 6 ದಾಟಿದ್ದು, ವಿಟಮಿನ್ ಕೆ (ರಕ್ತ ತೆಳು ಮಾಡುವ ಮದ್ದು ಜಾಸ್ತಿ ಆದ್ರೆ ಕೊಡುದು) ಅಥವಾ ನಲೋಕ್ಸೋನ್ (ಮಾರ್ಫಿನ್‌ನಂಥ ನೋವಿನ ಮದ್ದು ಜಾಸ್ತಿ ಆದ್ರೆ ಕೊಡುದು) ಕೊಟ್ಟದ್ದು, ಬಿದ್ದದ್ದು, ಪುನಃ ಓಟಿಗೆ ಹೋದದ್ದು, ವಾರ್ಡಿಂದ ಐಸಿಯುಗೆ ಶಿಫ್ಟ್ ಆದದ್ದು. ಸುಳಿವು ಸಿಕ್ಕಿದ ಕೂಡ್ಲೆ ತೊಂದ್ರೆ ಅಂತ ಬರೀಬೇಡಿ, ಆಪರೇಶನ್‌ಗೆ ಮೊದ್ಲು ಬೇಕಂತ್ಲೇ ವಿಟಮಿನ್ ಕೆ ಕೊಟ್ಟಿರ್ಬಹುದು. ಬೆಡ್‌ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ಕಂಡ್ರೆ ಅಡ್ಮಿಟ್ ಆದ ದಿನದ ನೋಟ್ಸ್ ನೋಡಿ, ಬರುವಾಗ್ಲೇ ಇತ್ತಾ ಅಂತ.

ಆಮೇಲೆ ಡಾಕ್ಟರ್ ಒಬ್ರು ಕೂತು ಪಕ್ಕಾ ಮಾಡ್ಬೇಕು, ಇದು ತಪ್ಪಿಸ್ಲಿಕ್ಕೆ ಆಗ್ತಿತ್ತಾ ಇಲ್ವಾ. ಮೊದ್ಲ ಸಲ ಪೆನಿಸಿಲಿನ್ ಕೊಟ್ಟು ಅಲರ್ಜಿ ಆಯ್ತು, ಕೇಳಿದ್ರೂ ಯಾರಿಗೂ ಗೊತ್ತಿರ್ಲಿಲ್ಲ, ಅದು ಬೇರೆ. ಆದ್ರೆ ಮನೆಯವ್ರು ಕನ್ನಡದಲ್ಲೋ ತುಳುವಲ್ಲೋ ಅಲರ್ಜಿ ಉಂಟು ಅಂತ ಹೇಳಿದ್ದು, ಮಲಯಾಳ ಮಾತ್ರ ಬರುವ ಸಿಸ್ಟರಿಗೆ ಗೊತ್ತಾಗದೆ ಕೇಸ್ ಶೀಟಲ್ಲಿ ಬರ್ಲೇ ಇಲ್ಲ ಅಂತಾದ್ರೆ ಅದು ಖಂಡಿತ ತಪ್ಪಿಸ್ಬಹುದಿತ್ತು, ಗಡಿನಾಡಿನವ್ರು ನಾವು ಇದನ್ನು ಬಿಡ್ಲೇಬಾರ್ದು ಮಾರಾಯ್ರೇ. ಯಾರ ಹೆಸ್ರೂ ಹಾಕ್ಬೇಡಿ, ಹಾಕಿದ್ರೆ ಮುಂದಿನ ತಿಂಗಳು ನೋಟ್ಸೇ ಇರ್ಲಿಕ್ಕಿಲ್ಲ.

ಲೆಕ್ಕ ಸುಲಭ. 20 ಜನ ಒಟ್ಟು 90 ದಿನ ಅಡ್ಮಿಟ್ ಇದ್ರು, ತೊಂದ್ರೆ 3 ಅಂತ ಇಟ್ಕೊಳ್ಳಿ, 3ನ್ನು 90ರಿಂದ ಭಾಗಿಸಿ 1000ದಿಂದ ಗುಣಿಸಿದ್ರೆ ಸಾವಿರ ದಿನಕ್ಕೆ ಸುಮಾರು 33. ತಪ್ಪಿಸ್ಬಹುದಾಗಿದ್ದದ್ದನ್ನು ಬೇರೆ ಗೆರೆಯಲ್ಲಿ ಬರೀರಿ. ಒಂದು ತಿಂಗಳದ್ದು ನೋಡಿ ಗಾಬರಿ ಬೇಡ, ವರ್ಷದ್ದು ಗ್ರಾಫ್ ಹಾಕಿ.

ಇನ್ನೊಂದು, ನಮ್ಮಲ್ಲಿ ಡಿಸ್ಚಾರ್ಜ್ ಆದವ್ರಿಗೆ ಮನೇಲಿ ಜೋರಾದ್ರೆ ಸೀದಾ ಮಂಗಳೂರಿಗೆ ಹೋಗ್ತಾರೆ, ನಮ್ಮ ಫೈಲಲ್ಲಿ ಅದು ಕಾಣುದೇ ಇಲ್ಲ. ಹಾಗಾಗಿ ಆ 20 ಮನೆಗೂ ಅವ್ರ ಭಾಷೆಯಲ್ಲೇ ಫೋನ್ ಮಾಡಿ ಕೇಳಿ, ಆಮೇಲೆ ಬೇರೆ ಕಡೆ ಅಡ್ಮಿಟ್ ಆಗಿದ್ರಾ ಅಂತ. ಹೌದು ಅಂದ್ರೆ ಅಲ್ಲಿಯ ಸಮ್ಮರಿ ಫೋಟೋ ವಾಟ್ಸಾಪಲ್ಲಿ ತರಿಸಿ, ಪ್ರಿಂಟ್ ತೆಗ್ದು ಹಳೇ ಫೈಲಿಗೆ ಹಾಕಿ, ಆಮೇಲೆ ಡಾಕ್ಟರಿಗೆ ಕೊಡಿ.