ಸೊರಗು ರೋಗದ ಜೀನ್‌ಗಳಿಗೆ ಮುಯ್ಯಿ ಪುಸ್ತಕ

ಕೋಲಾರದ ನಮ್ಮ ಟೊಮೆಟೊ ತೋಟದಲ್ಲಿ ಹಸಿರಾಗಿದ್ದ ಗಿಡಗಳು ಎರಡೇ ದಿನಕ್ಕೆ ಜೋತುಬಿದ್ದವು. ಒಂದರ ಕಾಂಡ ಕುಯ್ದು ಗಾಜಿನ ಲೋಟದ ನೀರಿಗೆ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ತುದಿಯಿಂದ ಹಾಲಿನಂಥ ಎಳೆ ಇಳಿಯಿತು. ಸೊರಗು ರೋಗದ ಬ್ಯಾಕ್ಟೀರಿಯಾ, ರಾಲ್‌ಸ್ಟೋನಿಯಾ. ಗಿಡದ ಜೀವಕೋಶಕ್ಕೆ ಸೂಜಿಯಂತೆ ಚುಚ್ಚಿ ತನ್ನ ಪ್ರೋಟೀನ್ ಸೇರಿಸುವ ಯಂತ್ರ ಇದಕ್ಕಿದೆ. ಆ ಯಂತ್ರದಲ್ಲಿ ಯಾವ ಪ್ರೋಟೀನ್‌ಗಳು ಜೊತೆಗೂಡುತ್ತವೆ ಅನ್ನೋದನ್ನೇ ಎಂ.ಎಸ್ಸಿ ಪ್ರಾಜೆಕ್ಟಿಗೆ ತೆಗೆದುಕೊಂಡೆ. ಇದರ ಜೀನೋಮ್, ಅಂದರೆ ಎಲ್ಲ ಜೀನ್‌ಗಳೂ ಸೇರಿದ ಇಡೀ ಡಿಎನ್‌ಎ ಬರಹ, 2002ರಲ್ಲೇ ಪ್ರಕಟವಾಗಿತ್ತು, ನನಗೆ ಬೇಕಾಗಿದ್ದು ಲ್ಯಾಪ್‌ಟಾಪ್ ಮಾತ್ರ.

ದಾರಿ 1999ರದ್ದು. ವಿಜ್ಞಾನಿ ಪೆಲೆಗ್ರಿನಿ ಮತ್ತು ಜೊತೆಗಾರರು ತೋರಿಸಿಕೊಟ್ಟ ಫೈಲೋಜೆನೆಟಿಕ್ ಪ್ರೊಫೈಲ್. ಒಂದು ಜೀನ್ ಇರುವ ಜೀನೋಮಿಗೆ 1, ಇಲ್ಲದ್ದಕ್ಕೆ 0. ಎರಡು ಜೀನ್‌ಗಳ ಸಾಲು ಒಂದೇ ಥರ ಬಂದರೆ ಅವು ಒಂದೇ ಕೆಲಸಕ್ಕೆ ಸೇರಿರುವ ಸಂಭವ ಜಾಸ್ತಿ. ಒಂದಿಲ್ಲದೆ ಇನ್ನೊಂದು ನಡೆಯದಿದ್ದರೆ, ಉಳಿದರೆ ಎರಡೂ ಉಳಿಯುತ್ತವೆ, ಹೋದರೆ ಎರಡೂ ಹೋಗುತ್ತವೆ.

ಮೊದಲು 20 ಜೀನೋಮ್ ತೆಗೆದುಕೊಂಡೆ, ಹೆಚ್ಚಿನವು ರಾಲ್‌ಸ್ಟೋನಿಯಾದ ನೆಂಟರೇ. ಕೋಷ್ಟಕದ ತುಂಬ 1. ನಮ್ಮ ಮನೆ ಮದುವೆಯ ಮುಯ್ಯಿ ಪುಸ್ತಕದಲ್ಲಿ ಎಲ್ಲ ನೆಂಟರ ಹೆಸರೂ ಇರುತ್ತದೆ, ಅಲ್ವಾ? ಅದರಿಂದ ಯಾರಿಗೆ ಯಾರು ಹತ್ತಿರ ಅಂತ ಗೊತ್ತಾಗುವುದಿಲ್ಲ. ಹತ್ತು ಬೇರೆ ಮನೆಗಳ ಪುಸ್ತಕದಲ್ಲೂ ಇಬ್ಬರ ಹೆಸರು ಒಟ್ಟಿಗೇ ಬಂದಾಗ ನಂಟು ಕಾಣುತ್ತದೆ. ಹಾಗಾಗಿ ಕ್ಸಾಂಥೊಮೊನಾಸ್, ಸ್ಯೂಡೊಮೊನಾಸ್ ಸಿರಿಂಜೆ, ಬ್ಯಾಸಿಲಸ್ ಸಬ್ಟಿಲಿಸ್, ಹೀಗೆ ದೂರದೂರದ ಬ್ಯಾಕ್ಟೀರಿಯಾಗಳನ್ನು ಸೇರಿಸಿದೆ.

ಆದರೂ ಯಂತ್ರದ ಮುಖ್ಯ ಭಾಗವಾದ ಎಚ್‌ಆರ್‌ಸಿ-ಎನ್ ಜೀನಿಗೆ ಬ್ಯಾಸಿಲಸ್‌ನಲ್ಲೂ 1 ಬಂತು. ಚುಚ್ಚುವ ಯಂತ್ರವೇ ಇಲ್ಲದ ಜೀವಿ ಅದು! ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಬ್ಯಾಕ್ಟೀರಿಯಾ ಈಜುವ ಬಾಲಕ್ಕೂ ಇದೇ ಮೂಲದ ಪ್ರೋಟೀನ್ ಬೇಕು, ಹೆಸರು ಫ್ಲಿ-ಐ. ಹೋಲುವ ಜೀನ್‌ಗಳನ್ನು ಹುಡುಕಿಕೊಡುವ ಬ್ಲಾಸ್ಟ್ ಎಂಬ ತಂತ್ರಾಂಶ ಅದನ್ನೇ ಹಿಡಿದು ತಂದಿತ್ತು. ನಾನು ಸುಮ್ನೆ 1 ಬರೆದುಬಿಟ್ಟಿದ್ದೆ. ಆಮೇಲಿಂದ ಸಿಕ್ಕ ಪ್ರತಿ ಜೀನನ್ನೂ ವಾಪಸ್ ರಾಲ್‌ಸ್ಟೋನಿಯಾದಲ್ಲಿ ಹುಡುಕಿದೆ. ಹೊರಟ ಜೀನಿಗೇ ತಿರುಗಿ ಬಂದರೆ ಮಾತ್ರ 1. ಬ್ಯಾಸಿಲಸ್‌ನದ್ದು ರಾಲ್‌ಸ್ಟೋನಿಯಾದ ಫ್ಲಿ-ಐಗೆ ಹೋಗಿ ನಿಂತಿತು. ಅಲ್ಲಿ 0 ಬರೆದೆ.

ಅವತ್ತು ರಾತ್ರಿ ಯಂತ್ರದ ಜೀನ್‌ಗಳ ಸಾಲುಗಳು ಒಂದರ ಕೆಳಗೊಂದು ಹೊಂದಿಕೊಂಡವು. ಅವುಗಳ ನಡುವೆ ಇನ್ನೂ ಕೆಲಸ ಗೊತ್ತಿಲ್ಲದ ಜೀನೊಂದು ಅದೇ ಸಾಲು ಹಿಡಿದು ನಿಂತಿತ್ತು. ಅದರ ಅಕ್ಕಪಕ್ಕದ ಜೀನ್‌ಗಳು ಯಾವುವು ಅಂತ ನೋಡಲು ಕೂತಾಗ ಬೆಳಗಿನ ಜಾವವಾಗಿತ್ತು.