ಬ್ಯಾಟರಿ ವಾಲ್ವ್ ರೇಡಿಯೊ: ಫಿಲಮೆಂಟ್ ಸುಡದಂತೆ ಎಬ್ಬಿಸುವ ಬಗೆ

ಕರೆಂಟ್ ಇಲ್ಲದ ಕಡೆಗೆಂದು ಬಂದ ಹಳೆಯ ಸೆಟ್ಟುಗಳಲ್ಲಿ ನನ್ನ ಕೈಗೆ ಹೆಚ್ಚಾಗಿ ಸಿಗುವುದು 1ಆರ್5, 1ಟಿ4, 1ಎಸ್5, 3ಎಸ್4 ವಾಲ್ವ್‌ಗಳಿರುವವು (ವಾಲ್ವ್ ಎಂದರೆ ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಕೊಳವೆ). ಒಳಗೆ ಕಾಯುವ ಸಣ್ಣ ತಂತಿಯಾದ ಫಿಲಮೆಂಟಿಗೆ ಒಂದೂವರೆ ವೋಲ್ಟಿನ ಎಲ್‌ಟಿ (ಕಡಿಮೆ ವೋಲ್ಟೇಜ್ ಸಪ್ಲೈ), ಎಲೆಕ್ಟ್ರಾನ್ ಸೆಳೆಯುವ ತಗಡಾದ ಆನೋಡಿಗೆ 67.5 ಅಥವಾ 90 ವೋಲ್ಟಿನ ಎಚ್‌ಟಿ (ಹೆಚ್ಚು ವೋಲ್ಟೇಜ್ ಸಪ್ಲೈ) ಬೇಕು. ಎಚ್‌ಟಿ ತಪ್ಪಿ ಎಲ್‌ಟಿ ತಂತಿಗೆ ತಾಗಿದರೆ ನಾಲ್ಕೂ ವಾಲ್ವ್ ಒಟ್ಟಿಗೇ ಹೋಗುತ್ತವೆ. ಅದಕ್ಕೇ ನಾನು ವಾಲ್ವ್ ಹಾಕುವುದು ಕಟ್ಟಕಡೆಗೆ.

ಮೊದಲು ಎಲ್ಲ ವಾಲ್ವ್ ಕಿತ್ತು ಫಿಲಮೆಂಟ್ ನೋಡುತ್ತೇನೆ, ಡಿಜಿಟಲ್ ಮೀಟರಿನಲ್ಲಿ ಮಾತ್ರ. ಮುಳ್ಳಿನ ಮೀಟರಿನ ಕೆಳಗಿನ ಓಮ್ ರೇಂಜಿನಲ್ಲಿ ಹರಿಯುವ ಕರೆಂಟೇ 50 ಮಿಲಿಆಂಪಿಯರ್ ಫಿಲಮೆಂಟನ್ನು ಸುಟ್ಟೀತು. 1ರಿಂದ 7ನೇ ಪಿನ್ನಿಗೆ ಕಂಟಿನ್ಯುಯಿಟಿ ಇರಬೇಕು, ಅಂದರೆ ನಡುವೆ ತಂತಿ ಕಡಿದಿರಬಾರದು. 3ಎಸ್4ರಲ್ಲಿ ಮಾತ್ರ ಫಿಲಮೆಂಟಿನ ನಟ್ಟನಡುವಿನಿಂದ ತೆಗೆದ ತುದಿ 5ನೇ ಪಿನ್ನಿನಲ್ಲಿದೆ; 5–1, 5–7 ಎರಡನ್ನೂ ನೋಡಿ. ಅರ್ಧ ಫಿಲಮೆಂಟ್ ಹೋದರೂ ಸೆಟ್ ಹಾಡುತ್ತದೆ, ಸೊರಗಿದ ದನಿಯಲ್ಲಿ.

ಎಚ್‌ಟಿಗೆ 9 ವೋಲ್ಟಿನ ಹತ್ತು ಬ್ಯಾಟರಿ ಸೀರೀಸಿನಲ್ಲಿ, 67.5ರ ಸೆಟ್ಟಿಗೆ ಏಳು ಸಾಕು. ಎಲ್‌ಟಿಗೆ ಎರಡು ದಪ್ಪ ಡಿ ಸೆಲ್ ಪ್ಯಾರಲಲ್, ಯಾಕೆಂದರೆ ಫಿಲಮೆಂಟುಗಳೆಲ್ಲ ಸೇರಿ 250 ಮಿಲಿಆಂಪಿಯರ್ ಎಳೆಯುತ್ತವೆ. ವೋಲ್ಟೇಜ್ ಏರಿಸುವ ಪುಟ್ಟ ಕನ್ವರ್ಟರ್ ಬೋರ್ಡು ನನಗೆ ಹಿಡಿಸಲಿಲ್ಲ: ಮೀಡಿಯಂ ವೇವ್ ತುಂಬ ಅದರದೇ ಸಿಳ್ಳೆ.

ವಾಲ್ವ್ ಇಲ್ಲದೆಯೇ ಎರಡೂ ಸಪ್ಲೈ ಕೊಟ್ಟು ಪ್ರತಿ ಸಾಕೆಟ್ಟಿನ ಫಿಲಮೆಂಟ್ ಪಿನ್ ಅಳೆಯಿರಿ. ಎಲ್‌ಟಿ ಸೆಲ್ಲಿನ ವೋಲ್ಟೇಜಿಗಿಂತ ಹೆಚ್ಚಿದ್ದರೆ ಅಲ್ಲೇ ನಿಲ್ಲಿಸಿ. 3ಎಸ್4ರ ಸಾಕೆಟ್ಟಿನಲ್ಲಿ 1 ಮತ್ತು 7 ಒಂದೇ ತಂತಿಗೆ ಸೇರಿರುವುದುಂಟು. ಅವೆರಡರ ನಡುವೆ ಸೊನ್ನೆ ಬಂತೆಂದು ಗಾಬರಿ ಬೇಡ, 5ರಿಂದ ಅಳೆಯಿರಿ. ಅದೇ ಸಾಕೆಟ್ಟಿನ 3ನೇ ಪಿನ್ ಗ್ರಿಡ್, ಅಂದರೆ ವಾಲ್ವಿಗೆ ಸಿಗ್ನಲ್ ಒಳಬರುವ ಜಾಗ. ಅಲ್ಲಿ ಪಾಸಿಟಿವ್ ವೋಲ್ಟ್ ಕಂಡರೆ 1ಎಸ್5ರಿಂದ ಸಿಗ್ನಲ್ ಮಾತ್ರ ದಾಟಿಸಿ ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ನಾನಂತೂ ಅಳೆಯುವ ಮೊದಲೇ ಬದಲಿಸುತ್ತೇನೆ. ಎಚ್‌ಟಿಗೆ ಅಡ್ಡಲಾಗಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸೋರಿದರೆ ಸದ್ದಿಲ್ಲದೆ ಬ್ಯಾಟರಿ ತಿನ್ನುತ್ತದೆ.

ಇಷ್ಟಾದ ಮೇಲೆ ವಾಲ್ವ್ ಹಾಕಿ ಮೊದಲ ಸಲ ಆನ್ ಮಾಡುವಾಗ ಎಚ್‌ಟಿ ಪಾಸಿಟಿವ್‌ನಲ್ಲಿ 2.2 ಕಿಲೋಓಮ್ ರೆಸಿಸ್ಟರ್ ಇರಲಿ. ಏನೇ ಶಾರ್ಟ್ ಆದರೂ 41 ಮಿಲಿಆಂಪಿಯರ್ ದಾಟದು, ಫಿಲಮೆಂಟ್ ಉಳಿಯುತ್ತದೆ. 25 ಮಿಲಿಆಂಪಿಯರ್ ಫಿಲಮೆಂಟಿನ ಡಿಕೆ96 ಸಾಲಿನ ವಾಲ್ವ್‌ಗಳಿಗೆ ಆ ರೆಸಿಸ್ಟರ್ 4.7 ಕಿಲೋಓಮ್ ಆಗಬೇಕು. ಫಿಲಮೆಂಟ್ ಹೊಳೆಯುತ್ತಿಲ್ಲವೆಂದು ವೋಲ್ಟೇಜ್ ಏರಿಸಬೇಡಿ. ಕತ್ತಲಲ್ಲೂ ಅದು ಕಂಡೂ ಕಾಣದಷ್ಟೇ.

ಸ್ಪೀಕರಿನಲ್ಲಿ ಸಣ್ಣ ಸುಯ್ ಇದ್ದು ಒಂದು ಸ್ಟೇಷನ್ನೂ ಸಿಗದಿದ್ದರೆ ಎಲ್‌ಟಿ ನೋಡಿ. 1.1 ವೋಲ್ಟಿನ ಹತ್ತಿರ ಇಳಿದಾಗ ಸ್ಟೇಷನ್ ಹಿಡಿಯಲು ಬೇಕಾದ 1ಆರ್5ರ ಆಸಿಲೇಟರ್ ನಿಲ್ಲುತ್ತದೆ, ಅದರಲ್ಲೂ ಶಾರ್ಟ್ ವೇವ್ ಮೊದಲು. ಉಳಿದ ಮೂರು ವಾಲ್ವ್ ಆಗಲೂ ಕೆಲಸ ಮಾಡುತ್ತಲೇ ಇರುತ್ತವೆ.