ರೋಗದ ಸಾಲಿನ ನಡುವೆ ನೆಟ್ಟ ಮರಗೆಣಸು

ಎಲೆ ಮುರುಟಿದ ಮರಗೆಣಸನ್ನು ಕಿತ್ತು ಸುಡಬೇಕು. ನಾನು ಅದನ್ನೇ ಊರೂರು ಹುಡುಕಿ ತಂದು ನೆಟ್ಟೆ. ಬದಿಯಡ್ಕದ ಭಾವ ಬಂದವರು ಗುಡ್ಡೆಯಲ್ಲಿ ನಿಂತು, "ಅಲ್ಲ ಭಾವಾ, ರೋಗ ಬೆಳೆಸುವುದಕ್ಕೂ ಆಳು ಮಾಡ್ತೀರಾ?" ಎಂದು ನಕ್ಕರು. ಐದು ವರ್ಷ ನಕ್ಕರು.

ಎಲೆ ಮುರುಟಿಸಿ ಹಳದಿ ಮಚ್ಚೆ ಬರಿಸುವ ಈ ಮೊಸಾಯಿಕ್ ರೋಗ ತಡೆಯುವ ತಳಿ ಬೇಕೆಂದರೆ ತಿರುವನಂತಪುರದ ಶ್ರೀಕಾರ್ಯಂನ ಗೆಡ್ಡೆ ಬೆಳೆ ಸಂಶೋಧನಾ ಕೇಂದ್ರದ ಶ್ರೀ ಪದ್ಮನಾಭ ಇದೆ. ಮೂಲ ನೈಜೀರಿಯಾದ್ದು. ಗಿಡ ಗಟ್ಟಿ, ಆದರೆ ನನ್ನ ಗುಡ್ಡೆಯಲ್ಲಿ ಬೆಳೆದದ್ದರ ರುಚಿ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. ಅಜ್ಜನ ಕಾಲದಿಂದ ನಮ್ಮಲ್ಲಿರುವ ಕೆಂಪು ತೊಟ್ಟಿನದ್ದು ಬೆಂದರೆ ಒಡೆದು ಹಿಟ್ಟಾಗುತ್ತದೆ. ರೋಗ ಹರಡುವ ಬಿಳಿನೊಣ ಜಾಸ್ತಿಯಾದ ವರ್ಷ ಮಾತ್ರ ಬುಡದಲ್ಲಿ ಹೆಬ್ಬೆರಳು ಗಾತ್ರದ್ದೇ ಸಿಗುವುದು. ಇವೆರಡನ್ನೂ ಕೂಡಿಸುವ ಹಟ ನನ್ನದು.

ಮೊದಲ ವರ್ಷ ಪೂರ್ತಿ ದಂಡ. ಒಂದೇ ಗೊಂಚಲಿನಲ್ಲಿ ಹೆಣ್ಣು ಹೂ ಮೊದಲು, ಗಂಡು ಹೂ ವಾರ ಹತ್ತು ದಿನ ಬಿಟ್ಟು ಅರಳುತ್ತದೆ ಅಲ್ವಾ, ತನ್ನದೇ ಪರಾಗ ತಗಲುವ ಭಯವಿಲ್ಲ, ಆರಾಮ ಎಂದುಕೊಂಡೆ. ಪಕ್ಕದ ಗಿಡದಿಂದ ಜೇನು ಪರಾಗ ತರುವುದನ್ನು ಮರೆತೆ. ಎರಡನೇ ವರ್ಷ ಸೊಳ್ಳೆಪರದೆ ಕತ್ತರಿಸಿ ಚೀಲ ಹೊಲಿದು, ಹೂ ಅರಳುವ ಹಿಂದಿನ ಸಂಜೆಯೇ ಕಟ್ಟಿದೆ. ಮಧ್ಯಾಹ್ನ ಊಟ ಬಿಟ್ಟು ಪರಾಗ ಮುಟ್ಟಿಸಿದೆ. ಕಾಯಿಯೇನೋ ಕಚ್ಚಿತು. ಕಾಯಿ ಬಲಿಯುವುದರೊಳಗೆ ಚೀಲ ಬಿಚ್ಚಿದ್ದೇ ತಪ್ಪು. ಮಾರ್ಚ್ ಬಿಸಿಲಿಗೆ ಟಪ್ ಟಪ್ ಸಿಡಿದು ಬೀಜ ಕಲ್ಲುಸಂದಿ ಸೇರಿತು. ಮೊಣಕಾಲೂರಿ ಹೆಕ್ಕಿದರೆ ಹನ್ನೊಂದು ಸಿಕ್ಕಿತು. ಅದನ್ನೂ ಆಟಿ ತಿಂಗಳ ಜಡಿಮಳೆಯಲ್ಲಿ ಬಿತ್ತಿ ಕೊಳೆಸಿದೆ.

ಮೂರನೇ ವರ್ಷ ಇನ್ನೂರು ಹೂ ಮುಟ್ಟಿದ್ದೇನೋ, ಸುಮಾರು ನೂರ ನಲವತ್ತು ಬೀಜ ಕೈಗೆ ಬಂತು. ಏಪ್ರಿಲ್‌ನಲ್ಲಿ ಬಿತ್ತಿ, ಟ್ರೇಗಳನ್ನು ಕೊಟ್ಟಿಗೆಯ ಶೀಟಿನಡಿ, ಸೆಕೆಯಲ್ಲಿ ನಾವೇ ನಿಲ್ಲಲಾಗದ ಕಡೆ ಇಟ್ಟೆ. ಅರ್ಧದಷ್ಟು ಮೊಳೆಯಿತು. ಬಿತ್ತುವ ಮೊದಲು ಬೀಜಕ್ಕೆ ಮಾಡುವ ಒಂದು ಕೆಲಸವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೇ ಕೊನೆಯ ಪತ್ತನಾಜೆ ಕಳೆದು, ಎರಡು ಸಾಲು ಸಸಿಗೊಂದು ಸಾಲು ರೋಗ ಹಿಡಿದ ಎಂ-4 ತಳಿಯ ಮರಗೆಣಸು ನೆಟ್ಟೆ. ಭಾವ ನಕ್ಕದ್ದು ಇದಕ್ಕೆ. ರೋಗವೇ ಇಲ್ಲದ ಜಾಗದಲ್ಲಿ ಎಲ್ಲವೂ ಗಟ್ಟಿ ಗಿಡವೇ. ಬೇಸಿಗೆಯಲ್ಲಿ ಚಂದ ಕಂಡ ಎಲೆಗೆ ಮೋಸ ಹೋಗಿ ಏಳೆಂಟು ಗಿಡ ಉಳಿಸಿದ್ದೆ, ಅವುಗಳ ಕೋಲು ನೆಟ್ಟಾಗ ಮಳೆಯ ಹೊಸ ಚಿಗುರಿನಲ್ಲೇ ಹಳದಿ ಮಚ್ಚೆ. ಈಗ ತುಲಾ ತಿಂಗಳಿನ (ಅಕ್ಟೋಬರ್-ನವೆಂಬರ್) ಚಿಗುರು ನೋಡದೆ ಯಾವುದನ್ನೂ ಒಪ್ಪುವುದಿಲ್ಲ. ಅನುಮಾನ ಬಂದದ್ದಕ್ಕೆ ರೋಗದ ಗೆಲ್ಲನ್ನೇ ಕಸಿ ಕಟ್ಟುತ್ತೇನೆ. ತಾಳಿದರೆ ಉಂಟು, ಇಲ್ಲವೆಂದರೆ ಒಲೆಗೆ.

ಕಸಿ ಎಂದಾಗ ನೆನಪಾಯಿತು. ಮರಗೆಣಸಿನ ಕುಲದ್ದೇ ಮರವಾದ ಸಿಯಾರಾ ರಬ್ಬರಿನ ಗೆಲ್ಲನ್ನು ಮರಗೆಣಸಿನ ಬುಡಕ್ಕೆ ಕಟ್ಟಿ ನೋಡಿದೆ. ಇಂಡೋನೇಷ್ಯಾದಲ್ಲಿ ಈ ಕಸಿಗೆ ಮುಕಿಬಾತ್ ಎನ್ನುತ್ತಾರೆ. ಒಂದೊಂದು ಗೆಣಸು ತೊಡೆ ಗಾತ್ರ, ಕಹಿಯೂ ಅಷ್ಟೇ. ದನವೂ ಮೂಸಲಿಲ್ಲ. 1930ರ ದಶಕದಲ್ಲಿ ಟಾಂಗಾನಿಕಾದ (ಈಗಿನ ಟಾಂಜಾನಿಯಾ) ಅಮಾನಿಯಲ್ಲಿ ಇದೇ ಮರದ ಜೊತೆ ಅಡ್ಡತಳಿ ಮಾಡಿ ಮೊಸಾಯಿಕ್ ತಡೆಯುವ ಗುಣ ತಂದಿದ್ದರು. ನನಗೆ ಬೀಜ ಕಟ್ಟಲಿಲ್ಲ.

ಖರ್ಚು ಬರೆದಿಟ್ಟಿಲ್ಲ. ಆಳಿನ ಸಂಬಳವೇ ಐವತ್ತು ಸಾವಿರ ದಾಟಿರಬೇಕು. ಹಂದಿ ಬೇಲಿಗೆ ಹದಿನೆಂಟು. ಬೇಲಿ ಹಾಕಿದ್ದು ಹಂದಿ ಬಂದು ಹೋದ ಮೇಲೆ. ನಾನು ನಂಬರ್ ಕೊಟ್ಟಿಟ್ಟ ಗಿಡಗಳಲ್ಲಿ ಒಂದೇ ರಾತ್ರಿಯಲ್ಲಿ ಹತ್ತು ನಂಬರ್ ನಿರ್ನಾಮ, ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದೂ ಇತ್ತು. ಹಂದಿಗೂ ರುಚಿ ಗೊತ್ತು ನೋಡಿ.

ಕೊನೆಗೆ ರೋಗ ತಾಳಿದ್ದು ಆರು. ರುಚಿ ನೋಡುವುದು ಅಮ್ಮನ ಕೆಲಸ. ಪಾತ್ರೆಗೊಂದು ನಂಬರ್ ಚೀಟಿ ಕಟ್ಟಿ ಬೇಯಿಸಿ, ಉಪ್ಪು ಮೆಣಸು ಹಾಕಿ ತಿಂದು ನಾಲ್ಕನ್ನು ಬಿಸಾಡಿದರು. ಉಳಿದದ್ದರಲ್ಲಿ 41 ಬೆಂದರೆ ಅಜ್ಜನ ಗೆಣಸಿನ ಹಾಗೇ ಒಡೆಯುತ್ತದೆ. ರೋಗದ ಸಾಲಿನ ಪಕ್ಕದಲ್ಲೇ ಎರಡು ವರ್ಷ ನಿಂತೂ ಎಲೆಗೆ ಒಂದು ಮಚ್ಚೆ ಇಲ್ಲ. ಹೋದ ಸಲ ಬುಡಕ್ಕೆ ಐದಾರು ಕಿಲೋ ಸಿಕ್ಕಿತು. ಎಂಟು ತಿಂಗಳಿಗೆ ಕೀಳಬೇಕು. ಹತ್ತಾದರೆ ನಾರು. ಆ ನಾರು ಹೋಗಲಾಡಿಸಲು ಇದಕ್ಕೇ ಇನ್ನೊಂದನ್ನು ಮುಟ್ಟಿಸಿದ್ದೇನೆ, ಮೊನ್ನೆಯಷ್ಟೇ ಚೀಲ ಕಟ್ಟಿದೆ.